ಒಂದು ಗೇಣು ಮೇಲೆ

ಪ್ರಾಪ್ತಿ ಮೊದಲ ಸಲ ನಮ್ಮ ಮನೆಗೆ ಬಂದದ್ದು ತಲೆಯ ಮೇಲೆ ಒಂದು ಹರಿದ ನೆಟ್ ಹೊತ್ತುಕೊಂಡು. ಮೂರು ವರ್ಷ ಆಗುತ್ತ ಬಂತು. ಆಗಸ್ಟ್ ತಿಂಗಳು, ಶನಿವಾರ, ಮಧ್ಯಾಹ್ನಕ್ಕೆ ಶಾಲೆ ಬಿಟ್ಟ ಹೊತ್ತು. ಬೋಟುಗಳು ಕಡಲಿಗೆ ಇಳಿದು ಹದಿನೈದು ದಿನ ಕಳೆದಿತ್ತು. ಮಳೆಗಾಲದ ಬಲೆ ಕೆಲಸವೆಲ್ಲ ಮುಗಿದು ನನ್ನ ಕೈ ಖಾಲಿ ಇತ್ತು. ಜಗಲಿಯಲ್ಲಿ ಕೂತು ಹಳೆ ನೂಲು ಬಿಡಿಸುತ್ತಿದ್ದೆ.

ಜಗಲಿ ಹತ್ತುವಾಗ ತಗ್ಗಿನ ಮಾಡಿನ ಅಡ್ಡ ಮರಕ್ಕೆ ಅವಳ ಹಣೆ ಬಡಿಯಿತು. ಆ ಅಡ್ಡಕ್ಕೆ ಹಣೆ ಬಡಿಸಿಕೊಂಡ ಮೊದಲ ಹೆಣ್ಣು ಅವಳೇ. ಶಾಲೆಯ ನೀಲಿ ಚೂಡಿದಾರ, ಎರಡು ಜಡೆ, ನೆಟ್ಟಿನಿಂದ ಕೆಸರಿನ ಕೆಂಪು ನೀರು ಇಳಿದು ಕಿವಿಯವರೆಗೆ ಬಂದಿತ್ತು.

"ಅಜ್ಜಿ, ಬಲೆ ಹೊಲಿಯುವ ಕಿನ್ನಿಯಮ್ಮ ನೀವೇನಾ?"

"ಬಲೆ ಹೊಲಿಯುವುದಲ್ಲ, ಹೆಣೆಯುವುದು. ನಾನೇ. ಎಂತ ಅದು ತಲೆ ಮೇಲೆ?"

"ವಾಲಿಬಾಲ್ ನೆಟ್. ಇದನ್ನು ಸರಿ ಮಾಡಿ ಕೊಡ್ತೀರಾ? ಸರಿಯಾದ್ರೆ ನನ್ನನ್ನು ಆಟಕ್ಕೆ ಸೇರಿಸ್ತಾರಂತೆ."

"ಯಾರು ಹೇಳಿದ್ದು?"

"ಯೋಗೀಶಣ್ಣ."

ನನಗೆ ನಗು ಬಂತು. ಬೈಕಂಪಾಡಿಯ ಕಡಲ ಬದಿಯಲ್ಲಿ ನಮ್ಮ ಮನೆ. ಮನೆಯ ದಕ್ಷಿಣಕ್ಕೆ ಹೊಯಿಗೆಯ, ಅಂದರೆ ಮರಳಿನ, ಒಂದು ಮೈದಾನ ಉಂಟು. ಸಂಜೆ ಐದು ಗಂಟೆಗೆ ಅಲ್ಲಿ ಗಂಡು ಹುಡುಗರು ವಾಲಿಬಾಲ್ ಆಡುತ್ತಾರೆ. ಯೋಗೀಶ್ ಅವರ ಕ್ಯಾಪ್ಟನ್, ಹಗಲಿಗೆ ಒಂದು ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮಾಡುತ್ತಾನೆ. ಆ ನೆಟ್ ಮಳೆಗಾಲವೆಲ್ಲ ಕಂಬದಲ್ಲೇ ನೇತು, ದನ ನುಗ್ಗಿ, ಹಾಳಾಗಿತ್ತು. ಅದನ್ನು ಬಿಸಾಡಿ ಹೊಸತು ತರುವುದೆಂದು ಅವರು ಮಾತಾಡಿಕೊಂಡದ್ದು ನನ್ನ ಕಿವಿಗೇ ಬಿದ್ದಿತ್ತು. ಈ ಹುಡುಗಿ ಒಂದು ವಾರದಿಂದ ಬಂದು ಬಂದು ಕೇಳಿದ್ದಕ್ಕೆ ಅವನು ಗೇಲಿಗೆ ಹೇಳಿದ್ದ, "ಈ ನೆಟ್ ಸರಿ ಮಾಡಿಸಿಕೊಂಡು ಬಾ, ಆಮೇಲೆ ನೋಡುವ" ಅಂತ. ಅವಳು ಗೇಲಿ ಅಂತ ತಿಳಿಯಲಿಲ್ಲ. ಹೊತ್ತುಕೊಂಡೇ ಬಂದಳು.

ನಾನು ನೆಟ್ ಬಿಡಿಸಿ ಎಣಿಸಿದೆ. ನಲವತ್ತೊಂದು ಕಣ್ಣು ಹರಿದಿತ್ತು.

"ಮೂರು ದಿನ ಬೇಕು" ಎಂದೆ.

"ನಾನು ಕೂತು ನೋಡಬಹುದಾ?"

ಮೂರು ದಿನವೂ ಕೂತು ನೋಡಿದಳು. ನಮ್ಮಲ್ಲಿ ಬಲೆ ಹೆಣೆಯುವುದು ಗಂಡಸರ ಕೆಲಸ. ನನ್ನ ಗಂಡ ಚನಿಯನಿಗೆ ಬೋಟಿನ ಹಗ್ಗಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳು ಹೋದ ಮೇಲೆ ಅವರು ಬಾಯಲ್ಲಿ ಹೇಳಿದರು, ನಾನು ಕೈಯಲ್ಲಿ ಕಲಿತೆ. ಅವರು ತೀರಿಹೋಗಿ ಹನ್ನೆರಡು ವರ್ಷ. ಅವರು ಹೇಳಿಕೊಟ್ಟದ್ದರಲ್ಲಿ ಮೊದಲನೆಯದು, ಕಣ್ಣಿನ ಅಳತೆಗೆ ಇಡುವ ಪಟ್ಟಿಯನ್ನು ಬದಲಿಸಬಾರದು. ಒಂದು ಬಲೆಗೆ ಒಂದೇ ಪಟ್ಟಿ. ಸುಸ್ತಾಯಿತು ಅಂತ, ನೂಲು ಕಡಿಮೆ ಉಂಟು ಅಂತ ಒಂದು ಕಣ್ಣು ಸಣ್ಣದು, ಒಂದು ಕಣ್ಣು ದೊಡ್ಡದು ಮಾಡಿದರೆ ಭಾರವೆಲ್ಲ ಅಲ್ಲಿಗೇ ಬಂದು ಬಲೆ ಅಲ್ಲಿಯೇ ಹರಿಯುತ್ತದೆ. ಇದನ್ನು ಹುಡುಗಿಗೂ ಹೇಳಿದೆ. ಮೀನಿನ ಬಲೆಯ ಕಣ್ಣು ಓರೆಯಾಗಿ ನಿಲ್ಲುತ್ತದೆ, ಈ ನೆಟ್ಟಿನದು ಕಿಟಕಿಯ ಹಾಗೆ ಚೌಕ. ಆ ಅಂದಾಜು ಸಿಗಲು ನನಗೂ ಒಂದು ಹೊತ್ತು ಹಿಡಿಯಿತು.

ನೆಟ್ ಕೊಂಡುಹೋಗಲು ಯೋಗೀಶನೇ ಬಂದ. ಹಿಡಿದು ಎಳೆದು ನೋಡಿದ.

"ಹೊಸತಕ್ಕಿಂತ ಗಟ್ಟಿ ಉಂಟಲ್ಲ ಅಜ್ಜಿ!"

"ಹುಡುಗಿಗೆ ಮಾತು ಕೊಟ್ಟಿದ್ದೀಯಂತೆ."

"ಅದು ತಮಾಷೆಗೆ ಹೇಳಿದ್ದು ಮಾರಾಯ್ತಿ…"

"ಯಾರಿಗೆ ಮಾರಾಯ್ತಿ? ನಲವತ್ತೊಂದು ಕಣ್ಣು ನಾನು ತಮಾಷೆಗೆ ಹಾಕಿದ್ದಲ್ಲ."

ಅವನು ತಲೆ ಕೆರೆದುಕೊಂಡ. ಸೇರಿಸಿಕೊಂಡ.

ನೆಟ್ ಕಟ್ಟುವಾಗ ದಿನವೂ ಹುಡುಗರಿಗೆ ಜಗಳ. ಒಬ್ಬ ಮೇಲೆ ಅನ್ನುವುದು, ಇನ್ನೊಬ್ಬ ಕೆಳಗೆ ಅನ್ನುವುದು. ನನಗೆ ಕೇಳಿ ಕೇಳಿ ಸಾಕಾಯಿತು. ಯೋಗೀಶನನ್ನು ಕರೆದು ಸರಿಯಾದ ಅಳತೆ ಎಷ್ಟೆಂದು ಕೇಳಿದೆ. "ಎರಡು ಮೀಟರ್ ನಲವತ್ತಮೂರು" ಎಂದ. ಟೈಲರ್ ನಾಝಿಮಾಳ ಟೇಪು ತಂದು, ಒಂದು ಬಿದಿರಿನ ಕೋಲನ್ನು ಆ ಅಳತೆಗೆ ಕತ್ತರಿಸಿ, ತುದಿಯನ್ನು ಉಜ್ಜಿ ಸಮ ಮಾಡಿದೆ. ಕೋಲು ನಮ್ಮ ಜಗಲಿಯ ಮೂಲೆಯಲ್ಲಿ. ಆಟಕ್ಕೆ ಮೊದಲು ತಂದು ಎರಡೂ ಬದಿ ಮತ್ತು ನಡುವೆ ಇಟ್ಟು ನೋಡಬೇಕು, ಆಮೇಲೆ ವಾಪಸು ತಂದಿಡಬೇಕು. ಇದು ನನ್ನ ಕಾನೂನು. ಆ ದಿನದಿಂದ ಜಗಳ ನಿಂತಿತು.

ಪ್ರಾಪ್ತಿಗೆ ಆಗ ಹದಿನಾಲ್ಕು, ಒಂಬತ್ತನೇ ಕ್ಲಾಸು. ಅವಳ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ತ್ರೋಬಾಲ್ ಮಾತ್ರ. ಚೆಂಡು ಹಿಡಿದು ಎಸೆಯುವುದರಲ್ಲಿ ಅವಳಿಗೆ ರುಚಿ ಇರಲಿಲ್ಲ. "ಹಿಡಿದ ಮೇಲೆ ಎಂತ ಉಂಟು ಅಜ್ಜಿ? ಹಾರಿ ಹೊಡೀಬೇಕು" ಅನ್ನುತ್ತಿದ್ದಳು. ಆದರೆ ಹಾರಿ ಹೊಡೆದದ್ದೆಲ್ಲ ಹೋಗಿ ನೆಟ್ಟಿಗೇ. ಹುಡುಗರು ಲೆಕ್ಕ ಹೇಳುತ್ತಿದ್ದರು, "ಇಪ್ಪತ್ತೆರಡು ಬಂಗುಡೆ, ಇಪ್ಪತ್ತಮೂರು ಬಂಗುಡೆ… ಕಿನ್ನಿಯಜ್ಜಿ, ಬುಟ್ಟಿ ತನ್ನಿ!" ಹೊಡೆದ ಚೆಂಡೆಲ್ಲ ಬಲೆಗೆ ಬೀಳುವ ಮೀನು ಅಂತ.

ಒಂದು ದಿನ ಅವಳು ಮೆಲ್ಲಗೆ ಬಂದು ಕೇಳಿದಳು.

"ಅಜ್ಜಿ, ಬೆಳಿಗ್ಗೆ ನಾನೊಬ್ಬಳೇ ಅಭ್ಯಾಸ ಮಾಡುವಾಗ ನೆಟ್ ಸ್ವಲ್ಪ ಕೆಳಗೆ ಕಟ್ಟುವನಾ? ಯಾರಿಗೂ ಗೊತ್ತಾಗುವುದಿಲ್ಲ."

"ಬಲೆಗೆ ಗೊತ್ತಾಗ್ತದೆ" ಎಂದೆ. "ಅಳತೆ ಅಂದ್ರೆ ಅಳತೆ ಮಗಾ. ಕೋಲನ್ನು ಇಳಿಸುವುದಿಲ್ಲ. ನೀನು ಹತ್ತು."

ಕಣ್ಣಲ್ಲಿ ನೀರು ಬಂತು ಅವಳಿಗೆ. ನಾನು ಬಿಡಲಿಲ್ಲ. ಅಂಗಳದ ಹೊನ್ನೆ ಮರದ ಕೊಂಬೆಗೆ ಹಳೆ ಬಲೆಯ ಒಂದು ತೇಲುಬೆಂಡನ್ನು ನೇತುಹಾಕಿದೆ, ಕೋಲಿನ ತುದಿಗಿಂತ ಒಂದು ಗೇಣು ಮೇಲೆ. ದಿನ ಬೆಳಿಗ್ಗೆ ಆರಕ್ಕೆ ಬಂದು ಹಾರಿ ಅದಕ್ಕೆ ಹೊಡೆಯಬೇಕು, ನೂರು ಸಲ. ನಾನು ಜಗಲಿಯಲ್ಲಿ ಒಂದು ಗಂಟು ಹಾಕುವುದು, ಅವಳು ಒಂದು ಸಲ ಹಾರುವುದು. ಮೊದಲ ತಿಂಗಳು ಬೆಂಡು ಅಲ್ಲಾಡಲೇ ಇಲ್ಲ. ಎರಡನೇ ತಿಂಗಳು ಬೆರಳ ತುದಿ ತಾಗಿತು. ದೀಪಾವಳಿ ಕಳೆದು ಒಂದು ದಿನ ಪಟ್ ಅಂತ ಶಬ್ದ ಕೇಳಿತು. ಆ ಮೇಲೆ ಶಬ್ದ ನಿಲ್ಲಲಿಲ್ಲ. ತಿಂಗಳ ಮೊದಲ ತಾರೀಕಿಗೆ ಅವಳನ್ನು ಕೋಲಿನ ಪಕ್ಕ ನಿಲ್ಲಿಸಿ, ಕೈ ಎತ್ತಿಸಿ, ಬೆರಳು ಮುಟ್ಟಿದಲ್ಲಿ ಕತ್ತಿಯಿಂದ ಗೀರು ಹಾಕುತ್ತಿದ್ದೆ. ಮೊದಲ ಗೀರು ತುದಿಯಿಂದ ಎರಡು ಗೇಣು ಕೆಳಗೆ. ಕೊನೆಯ ಗೀರು, ಹತ್ತನೇ ಪರೀಕ್ಷೆ ಮುಗಿದಾಗ ಹಾಕಿದ್ದು, ತುದಿಯಿಂದ ಸರಿಯಾಗಿ ಒಂದು ಗೇಣು ಕೆಳಗೆ.

ಅಷ್ಟು ಹೊತ್ತಿಗೆ ಹುಡುಗರ ಬಂಗುಡೆ ಲೆಕ್ಕ ನಿಂತಿತ್ತು. ಅವಳು ಹಾರಿದರೆ ಎದುರಿನವರು ಮುಖ ತಪ್ಪಿಸಿಕೊಳ್ಳುತ್ತಿದ್ದರು.

ಪ್ರಾಪ್ತಿಯ ತಾಯಿ ಗುಲಾಬಿ ಬೈಕಂಪಾಡಿಯ ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ತೆಗೆಯುವವಳು. ತಂದೆ ಇಲ್ಲ. ಗುಲಾಬಿಗೆ ಮಗಳ ಆಟದ ಮೇಲೆ ಕೋಪವಿರಲಿಲ್ಲ, ಹೆದರಿಕೆ ಇತ್ತು. ಮೇ ತಿಂಗಳಲ್ಲಿ ಅವಳು ಬಂದು ನನ್ನ ಹತ್ತಿರ ಮಾತು ಮುಗಿಸಿಯೇ ಹೋದಳು.

"ಕಿನ್ನಿಯಕ್ಕ, ಪೇಟೆಯ ಆ ದೊಡ್ಡ ಕಾಲೇಜಿನಲ್ಲಿ ಆಟಕ್ಕೆ ಅಂತ ಸೀಟು ಕೊಡ್ತಾರಂತೆ, ಹಾಸ್ಟೆಲ್ ಸಮೇತ. ಸಿಕ್ಕಿದ್ರೆ ಹೋಗಲಿ, ಓದಲಿ, ಆಡಲಿ. ಸಿಗದಿದ್ರೆ ಚೆಂಡು ಅಟ್ಟಕ್ಕೆ. ಕಾಟಿಪಳ್ಳದಲ್ಲಿ ತಂಗಿಯ ಮನೆಯಲ್ಲಿ ಕೂತು ಹೊಲಿಗೆ ಕಲೀಲಿ. ಒಂದೇ ಸಲ ನೋಡುವುದು."

"ಅವಳಿಗೆ ಹೇಳಿದ್ದೀಯಾ?"

"ಹೇಳಿದೆ. ಆಯ್ತು ಅಂದಳು. ರಾತ್ರಿ ಊಟ ಮಾಡ್ಲಿಲ್ಲ."

ಸೆಲೆಕ್ಷನ್ ದಿನ ಗುಲಾಬಿಗೆ ರಜೆ ಸಿಗಲಿಲ್ಲ. ನಾನು ಹೋದೆ. ಕೂಳೂರು ದಾಟಿ, ನಂತೂರಿನಲ್ಲಿ ಬಸ್ ಬದಲಿಸಿ, ಬಿಕರ್ನಕಟ್ಟೆಯಲ್ಲಿ ಇಳಿದೆವು. ಅಲ್ಲಿಯ ಇಗರ್ಜಿಯಲ್ಲಿ ಬಾಲ ಯೇಸುವಿನ ಎದುರು ಒಂದು ಮೇಣದ ಬತ್ತಿ ಹಚ್ಚಿಸಿದೆ. ಚನಿಯನ ಬೆರಳು ಹೋದಾಗಲೂ ಅಲ್ಲಿಗೆ ಹೋಗಿದ್ದೆ, ಗಾಯ ಬೇಗ ಮಾಗಿತ್ತು. ದಾರಿಯುದ್ದಕ್ಕೂ ಹುಡುಗಿ ಚಪ್ಪಲಿಯ ಉಂಗುಷ್ಠವನ್ನು ಕಾಲಲ್ಲಿ ತಿರುವುತ್ತ ಇದ್ದಳು.

ಅಲ್ಲಿಂದ ಕಾಲೇಜಿಗೆ ಹೋದೆವು. ಮೈದಾನದಲ್ಲಿ ಮೂವತ್ತೊಂದು ಹುಡುಗಿಯರು ಬಂದಿದ್ದರು. ಸೀಟು ನಾಲ್ಕು. ಎಲ್ಲರ ಬೆನ್ನಲ್ಲೂ ಅವರವರ ಶಾಲೆಯ ಹೆಸರು, ನಂಬರು. ಪ್ರಾಪ್ತಿಯ ಬೆನ್ನಲ್ಲಿ ಏನೂ ಇರಲಿಲ್ಲ, ಯೋಗೀಶನ ಹಳೆಯ ಬನಿಯನ್. ಆಟದ ಮಾಷ್ಟ್ರು ಲಯನೆಲ್ ಸರ್ ಹೆಸರು ಬರೆದುಕೊಳ್ಳುತ್ತ ಕೇಳಿದರು.

"ಯಾವ ಟೀಮಿಗೆ ಆಡಿದ್ದು?"

"ಶಾಲೆಯಲ್ಲಿ ಟೀಮ್ ಇಲ್ಲ ಸರ್. ಮನೆ ಹತ್ತಿರ ಆಡುವುದು."

"ಯಾರ ಜೊತೆ?"

"ಅಣ್ಣಂದಿರ ಜೊತೆ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಅವರು ನಗಲಿಲ್ಲ, ಬರೆದುಕೊಂಡರು.

ಮೊದಲು ಓಟ, ಆಮೇಲೆ ಚೆಂಡು ತಡೆಯುವುದು. ಎರಡರಲ್ಲೂ ಅವಳು ನಡುವಿನ ಸಾಲಿನಲ್ಲಿದ್ದಳು. ಕೊನೆಗೆ ಹಾರಿ ಹೊಡೆಯುವುದು. ಒಬ್ಬೊಬ್ಬರಿಗೆ ಐದು ಚೆಂಡು. ಗೆರೆಯ ಒಳಗೆ ಬಿದ್ದರೆ ಮಾತ್ರ ಲೆಕ್ಕ. ಚೆಂಡು ಎತ್ತಿ ಕೊಡಲು ಆ ಕಾಲೇಜಿನದೇ ಒಬ್ಬಳು ಹುಡುಗಿ ನಿಂತಿದ್ದಳು, ಮುಮ್ತಾಝ್ ಅಂತ.

ಪ್ರಾಪ್ತಿ ಓಡಿ ಹಾರಿದಳು. ಚೆಂಡು ಅಂಗೈಗೆ ಸಿಗಲಿಲ್ಲ. ಮಣಿಕಟ್ಟಿಗೆ ತಾಗಿ ಎಲ್ಲೋ ಹಾರಿ ಕಂಪೌಂಡಿನ ಹತ್ತಿರ ಬಿತ್ತು. ಎರಡನೆಯದೂ ಹಾಗೆಯೇ. ಮೂರನೆಯದು ಗೋಡೆ ದಾಟಿ ರಸ್ತೆಗೇ ಹೋಯಿತು. ತರಲು ಒಬ್ಬರು ಓಡಿದರು. ಹುಡುಗಿಯರು ಈಗ ಬಾಯಿ ಮುಚ್ಚಿಕೊಳ್ಳದೆ ನಕ್ಕರು.

ಅವಳು ನೀರು ಕುಡಿಯಲು ನನ್ನ ಹತ್ತಿರ ಬಂದಳು.

"ಅಜ್ಜಿ, ನಾನು ಮೇಲೆ ಹೋಗಿರ್ತೇನೆ, ಚೆಂಡು ಕೆಳಗೆ ಇರ್ತದೆ. ಇಲ್ಲಿ ಎಲ್ಲವೂ ಕೆಳಗೆ ಉಂಟು."

"ನೆಟ್ಟಿನ ಹತ್ತಿರ ಹೋಗು. ಕೈ ಎತ್ತಿ ನಿಲ್ಲು" ಎಂದೆ.

ನಿಂತಳು. ಅವಳ ಬೆರಳ ತುದಿ ನೆಟ್ಟಿನ ಮೇಲಿನ ಅಂಚಿಗೆ ಸಮ ಬಂತು. ನಮ್ಮ ಕೋಲಿನಲ್ಲಿ ಆ ಬೆರಳಿಗೂ ತುದಿಗೂ ನಡುವೆ ಒಂದು ಗೇಣು ಜಾಗ ಉಂಟು. ಆ ಗೀರು ಹಾಕಿದ್ದು ನಾನೇ.

ನಾನು ಸೆರಗು ಸಿಕ್ಕಿಸಿಕೊಂಡು ಮೈದಾನದ ಒಳಗೇ ಹೋದೆ.

"ಮಾಷ್ಟ್ರೇ, ನಿಮ್ಮ ನೆಟ್ ಒಂದು ಗೇಣು ಕೆಳಗೆ ಉಂಟು."

ಲಯನೆಲ್ ಸರ್ ನನ್ನನ್ನು ನೋಡಿದರು. "ಅಮ್ಮಾ, ಬದಿಗೆ ಬನ್ನಿ, ಚೆಂಡು ತಾಗ್ತದೆ."

"ತಾಗಲಿ. ನಾನು ಬಲೆಯ ಕೆಲಸದವಳು. ಅಳತೆ ನೋಡಿ ಒಮ್ಮೆ."

ಅವರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಟೇಪು ತರಿಸಿ ಹಿಡಿದರು. "ನೋಡಿ. ಎರಡು ಇಪ್ಪತ್ತನಾಲ್ಕು. ಹೆಂಗಸರ ಅಳತೆ ಸರಿ ಉಂಟು. ನಿಮ್ಮಲ್ಲಿ ಎಷ್ಟು?"

"ಎರಡು ನಲವತ್ತಮೂರು."

"ಅದು ಗಂಡಸರದ್ದಲ್ಲ ಅಮ್ಮಾ?"

ಹೆಂಗಸರಿಗೆ ಬೇರೆ ಅಳತೆ ಉಂಟೆಂದು ನನಗೆ ತಿಳಿದದ್ದು ಆ ಗಳಿಗೆಯಲ್ಲಿ. ಇಪ್ಪತ್ತೊಂದು ತಿಂಗಳು ನಾನು ಆ ಹುಡುಗಿಗೆ ತಪ್ಪು ಕೋಲು ಹಿಡಿದಿದ್ದೆ. ಅವಳು ಕಣ್ಣೀರು ಹಾಕಿ ಕೇಳಿದರೂ ಇಳಿಸಿರಲಿಲ್ಲ. ಅವಳ ಕಾಲೇಜಿನ ದಾರಿಯನ್ನು ನನ್ನ ಕೈಯಾರೆ ಕತ್ತರಿಸಿದೆನೆಂದು ನನಗೆ ಕಂಡಿತು.

"ಇಪ್ಪತ್ತೊಂದು ತಿಂಗಳು ಇವಳು ಅದರ ಮೇಲೆಯೇ ಹೊಡೆದದ್ದು" ಎಂದೆ. ಸ್ವರ ಸಣ್ಣದಾಗಿತ್ತು.

ಲಯನೆಲ್ ಸರ್ ಟೇಪು ಸುತ್ತುವುದನ್ನು ನಿಲ್ಲಿಸಿದರು. ಪ್ರಾಪ್ತಿಯನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಆಮೇಲೆ ಇಷ್ಟೇ ಹೇಳಿದರು, "ಇನ್ನು ಎರಡು ಚೆಂಡು ಉಂಟು."

ಎರಡೇ. ನನಗೆ ಆಟ ತಿಳಿಯದು. ಆದರೆ ಬಲೆಯ ಕಣ್ಣು ಸಣ್ಣದಾದರೆ ಗಂಟನ್ನು ಎಲ್ಲಿ ಹಾಕಬೇಕೆಂದು ತಿಳಿಯುತ್ತದೆ. ಮುಮ್ತಾಝ್ ಚೆಂಡನ್ನು ಈ ನೆಟ್ಟಿಗೆ ಸರಿಯಾಗಿ ಕೊಡುತ್ತಿದ್ದಳು, ಪ್ರಾಪ್ತಿ ಆ ನೆಟ್ಟಿಗೆ ಸರಿಯಾಗಿ ಹಾರುತ್ತಿದ್ದಳು. ತಪ್ಪು ಇಬ್ಬರದೂ ಅಲ್ಲ, ನಡುವಿನ ಒಂದು ಗೇಣಿನದು.

"ಮಗಾ" ಎಂದೆ, "ನೀನು ಇಳಿಯಬೇಡ. ಚೆಂಡನ್ನು ಹತ್ತಿಸು. ಆ ಹುಡುಗಿಗೆ ಹೇಳು, ಒಂದು ಗೇಣು ಮೇಲೆ ಕೊಡಲಿ ಅಂತ."

ಪ್ರಾಪ್ತಿ ಹೋಗಿ ಹೇಳಿದಳು. ಮುಮ್ತಾಝ್ ನಕ್ಕಳು.

"ಎಷ್ಟು ಮೇಲೆ?"

ಪ್ರಾಪ್ತಿ ಹೆಬ್ಬೆರಳು, ಕಿರುಬೆರಳು ಬಿಡಿಸಿ ತೋರಿಸಿದಳು.

"ಅಷ್ಟು ಮೇಲೆ ಕೊಟ್ರೆ ನಿನಗೆ ಸಿಗ್ತದಾ?"

"ಕೊಡಿ ಅಕ್ಕ, ನೋಡುವ."

ನಾಲ್ಕನೇ ಚೆಂಡು ಮೇಲೆ ಹೋಯಿತು. ಹುಡುಗಿ ಮೂರು ಹೆಜ್ಜೆ ಹಾಕಿ ಎದ್ದಳು. ಹೊನ್ನೆ ಮರದ ಕೆಳಗೆ ಕೇಳುತ್ತಿದ್ದ ಶಬ್ದ, ಪಟ್, ಆದರೆ ಅದಕ್ಕಿಂತ ಹತ್ತು ಪಾಲು ದೊಡ್ಡದು. ಚೆಂಡು ನೆಟ್ಟಿನ ಆಚೆ, ನೆಟ್ಟಿಗೆ ಹತ್ತಿರದ ಗೆರೆಗಿಂತಲೂ ಈಚೆಗೆ ನೇರ ಕೆಳಗೆ ಬಡಿದು, ಅಲ್ಲಿಂದ ಎದ್ದು, ನಿಂತವರ ತಲೆ ದಾಟಿ ಹೋಯಿತು. ಐದನೆಯದೂ ಹಾಗೆಯೇ, ಅದೇ ಜಾಗಕ್ಕೆ. ಮೊದಲಿನ ಗುರುತು ಮಣ್ಣಿನಲ್ಲಿ ಇನ್ನೂ ಇತ್ತು, ಎರಡರ ನಡುವೆ ನಾಲ್ಕು ಬೆರಳು ಅಂತರ. ನಾನು ಹೋಗಿ ನೋಡಿದ್ದೇನೆ.

ಲಯನೆಲ್ ಸರ್ ಕೂಗಿದರು, "ನೆಟ್ ಮೇಲೆ ಕಟ್ಟಿ. ಎರಡು ನಲವತ್ತಮೂರಕ್ಕೆ." ನೆಟ್ ಏರಿತು. ಅವಳಿಗೆ ಇನ್ನೂ ಐದು ಚೆಂಡು ಕೊಟ್ಟರು. ನಾಲ್ಕು ಒಳಗೆ ಬಿತ್ತು. ಒಂದು ನೆಟ್ಟಿಗೆ. ಅದು ಬಂಗುಡೆ.

ಬೇರೆ ಯಾರಿಗಾದರೂ ನೋಡಬೇಕಾ ಅಂತ ಅವರು ಕೇಳಿದರು. ನಕ್ಕವರಲ್ಲಿ ಯಾರೂ ಮುಂದೆ ಬರಲಿಲ್ಲ.

ಹೊರಡುವಾಗ ಅವರು ನನ್ನ ಹತ್ತಿರ ಬಂದರು. "ಅಮ್ಮಾ, ಆ ಕೋಲು ಕತ್ತರಿಸಿದ್ದು ಯಾರು?"

"ನಾನು. ತಪ್ಪಾಯ್ತು ಮಾಷ್ಟ್ರೇ."

"ಇಂಥ ತಪ್ಪು ಮಾಡುವವರು ಊರಿಗೆ ಒಬ್ಬರಾದ್ರೂ ಬೇಕಿತ್ತು" ಎಂದರು. ಪಟ್ಟಿ ನಾಳೆ ಹಾಕುವುದೆಂದು ಹೇಳಿದವರು ಪ್ರಾಪ್ತಿಯ ಹೆಸರನ್ನು ನನ್ನ ಎದುರಿಗೇ ಮೊದಲನೇ ಸಾಲಿನಲ್ಲಿ ಬರೆದರು. ಅಕ್ಷರ ನಾನು ನಿಧಾನ ಓದುವುದು. ಆ ಎರಡಕ್ಷರ ಮಾತ್ರ ಬೇಗ ಓದಿದೆ.

ಊರಿಗೆ ಬಂದು ಯೋಗೀಶನನ್ನು ಜಗಲಿಗೆ ಕರೆಸಿದೆ.

"ಹೆಂಗಸರಿಗೆ ಬೇರೆ ಅಳತೆ ಉಂಟೆಂದು ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಅಜ್ಜಿ."

"ಮತ್ತೆ ಯಾಕೆ ಹೇಳಲಿಲ್ಲ?"

ಅವನು ನೆಲ ನೋಡಿದ. "ಇವಳು ಆಡುವಾಗ ಇವಳು ಹೆಂಗಸು ಅಂತ ನಮಗೆ ನೆನಪೇ ಆಗ್ತಿರಲಿಲ್ಲ ಅಜ್ಜಿ."

ಬೈಯಲೆಂದು ಕರೆಸಿದ್ದೆ. ಚಹಾ ಕೊಟ್ಟು ಕಳಿಸಿದೆ.

ಗುಲಾಬಿ ಕಾರ್ಖಾನೆಯಿಂದ ಬಂದವಳು ಸುದ್ದಿ ಕೇಳಿ ಮಗಳನ್ನು ಅಪ್ಪಲಿಲ್ಲ. ಒಳಗೆ ಹೋಗಿ, ಅಟ್ಟದಲ್ಲಿ ಚೆಂಡಿಗೆಂದು ಖಾಲಿ ಮಾಡಿ ಇಟ್ಟಿದ್ದ ಜಾಗಕ್ಕೆ ಪುನಃ ಸೌದೆ ಜೋಡಿಸಿದಳು.

ಅದೇ ವರ್ಷ ನವೆಂಬರಿನಲ್ಲಿ ಕಾಲೇಜು ಕಾಲೇಜುಗಳ ನಡುವಿನ ಪಂದ್ಯದ ಫೈನಲ್. ನಮ್ಮ ಮೈದಾನದ ಹುಡುಗರು ಟೆಂಪೋ ಮಾಡಿ ಎಲ್ಲರನ್ನೂ ಕರೆದುಕೊಂಡು ಹೋದರು. ಒಂದೊಂದು ಸೆಟ್ ಎರಡೂ ಕಡೆಯವರಿಗೆ. ಮೂರನೆಯದು ಹದಿನೈದಕ್ಕೆ. ಹದಿಮೂರು ಹದಿಮೂರು ಆದಾಗ ಗುಲಾಬಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಕಿನ್ನಿಯಕ್ಕ, ನನಗೆ ಆಗುವುದಿಲ್ಲ. ಮುಗಿದ ಮೇಲೆ ಹೇಳಿ."

"ಯಾರು ಗೆದ್ದದ್ದು ಅಂತ ಹೇಳಬೇಕಾ, ಬೇಡ್ವಾ?"

"ನಾವು ಗೆದ್ರೆ ಮಾತ್ರ ಹೇಳಿ."

ಪ್ರಾಪ್ತಿ ಹಿಂದೆ ನಿಂತು ಮುಮ್ತಾಝಳ ಕಡೆಗೆ ಕೈ ಎತ್ತಿದಳು. ಹೆಬ್ಬೆರಳು, ಕಿರುಬೆರಳು. ಜನ ಏನೆಂದು ತಿಳಿದರೋ ಗೊತ್ತಿಲ್ಲ. ನನಗೆ ತಿಳಿಯಿತು. ಚೆಂಡು ಏರಿತು. ತಡೆಯಲು ಎದುರಿನ ಇಬ್ಬರು ಹುಡುಗಿಯರು ಹಾರಿದರು, ಅವರ ಬೆರಳುಗಳ ಮೇಲೆ ಅವಳ ಕೈ ಇತ್ತು. ಹದಿನಾಲ್ಕು. ಮತ್ತೊಮ್ಮೆ ಅದೇ ಕೈ, ಅದೇ ಗೇಣು. ಹದಿನೈದು.

ಯೋಗೀಶ್ ಕೂಗಿದ, "ಇವಳು ನಮ್ಮ ನೆಟ್ಟಿನ ಹುಡುಗಿ!" ನಾನು ಗುಲಾಬಿಯ ಮುಖದಿಂದ ಸೆರಗು ಎಳೆದೆ. ಪ್ರಾಪ್ತಿ ಕಪ್ ಹಿಡಿದು ಓಡಿ ಬಂದವಳು ತಾಯಿಯ ಕೈಗೆ ಕೊಟ್ಟಳು. ಗೇರುಬೀಜದ ಎಣ್ಣೆಗೆ ಕಪ್ಪಾದ ಆ ಬೆರಳುಗಳಿಂದ ಗುಲಾಬಿ ಕಪ್ಪನ್ನು ಎಲ್ಲಿ ಹಿಡಿಯುವುದೆಂದು ತಿಳಿಯದೆ ತಿರುಗಿಸಿ ತಿರುಗಿಸಿ ನೋಡಿದಳು. ನನಗೆ ಪ್ರಾಪ್ತಿ ಹೇಳಿದ್ದು ಒಂದೇ ಮಾತು, ತುಳುವಿನಲ್ಲಿ, "ಅಜ್ಜೀ, ಎಡ್ಡೆ ಆಂಡತ್ತಾ?" ಒಳ್ಳೆಯದಾಯಿತಲ್ಲ ಅಂತ. ಆಯಿತು ಮಗಾ ಎಂದೆ.

ಆಮೇಲೆ ನಾನು ಕೋಲಿಗೆ ಎರಡನೇ ಗುರುತು ಹಾಕಿದೆ. ಲಯನೆಲ್ ಸರ್ ಹೇಳಿದ ಎರಡು ಇಪ್ಪತ್ತನಾಲ್ಕನ್ನು ನಾಝಿಮಾಳ ಟೇಪಿನಲ್ಲಿ ಹಿಡಿದು, ಕೊರೆದು, ಕೆಂಪು ನೂಲು ಸುತ್ತಿದೆ. ಅದು ಪ್ರಾಪ್ತಿಯ ಕೊನೆಯ ಗೀರಿನ ಮೇಲೆಯೇ ಬಂತು, ಕೂದಲೆಳೆಯ ವ್ಯತ್ಯಾಸವಿಲ್ಲದೆ.

ಹೋದ ವಾರ ರಜೆಗೆ ಬಂದಿದ್ದಳು. ಈಗ ಕಾಲೇಜಿನ ಜೆರ್ಸಿಯ ಬೆನ್ನಲ್ಲಿ ಅವಳ ಹೆಸರು ಉಂಟು. ಜಗಲಿ ಹತ್ತುವಾಗ ತಲೆ ಬಗ್ಗಿಸುವುದು ಅಭ್ಯಾಸವಾಗಿದೆ. ಕೆಳಗೆ ಅಂಗಳದಲ್ಲಿ ಏಳು ಹುಡುಗಿಯರು ನಿಂತಿದ್ದರು. ಗೇರುಬೀಜದ ಕಾರ್ಖಾನೆಯವರ ಮಕ್ಕಳು ನಾಲ್ಕು, ನಾಝಿಮಾಳ ಇಬ್ಬರು, ಮತ್ತೊಂದು ಯಾರದೆಂದು ನನಗೆ ಗುರುತು ಸಿಗಲಿಲ್ಲ. ಬೆಳಿಗ್ಗೆ ಹುಡುಗರಿಲ್ಲದ ಹೊತ್ತಿನಲ್ಲಿ ಇವರಿಗೆ ಕಲಿಸುತ್ತಾಳಂತೆ. ಎಲ್ಲಕ್ಕಿಂತ ಸಣ್ಣವಳು ನೆಟ್ಟನ್ನು ತಲೆಯ ಮೇಲೆ ಹೊತ್ತಿದ್ದಳು. ನಲವತ್ತೊಂದು ಕಣ್ಣು ಹಾಕಿದ ಅದೇ ನೆಟ್.

ಪ್ರಾಪ್ತಿ ಮೂಲೆಯಿಂದ ಕೋಲು ತೆಗೆದು ಅಡ್ಡ ಹಿಡಿದಳು. ಒಂದು ಕೈ ತುದಿಯಲ್ಲಿ, ಒಂದು ಕೈ ಕೆಂಪು ನೂಲಿನಲ್ಲಿ.

"ಅಜ್ಜಿ" ಎಂದಳು, "ಇವರಿಗೆ ಯಾವ ಗುರುತಿಗೆ ಕಟ್ಟಲಿ?"